ಎರಡು ಇಂಚು ಎತ್ತರಿಸಿದ ಜಿಪ್ಸಿಗೆ ಎಂಥ ಶಾಕ್ ಅಬ್ಸಾರ್ಬರ್ ಹಾಕಿಸಬೇಕು?

ತೋಟದ ದಾರಿ, ಮೂಡಿಗೆರೆ:

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ 2011ರ ಮಾರುತಿ ಜಿಪ್ಸಿ ಕಿಂಗ್ ಇದೆ. ಡಾಂಬರು ರಸ್ತೆ ಬಿಟ್ಟ ಮೇಲೆ ನಮ್ಮ ತೋಟದ ಮನೆಗೆ ನಾಲ್ಕು ಕಿಲೋಮೀಟರ್ ದಾರಿಯಿದ್ದು, ಅದರಲ್ಲಿ ಅರ್ಧದಷ್ಟು ಕಲ್ಲು, ಉಳಿದರ್ಧ ಮಳೆಗಾಲದಲ್ಲಿ ಮೊಣಕಾಲುದ್ದ ಕೊರಕಲು. ಟ್ರ್ಯಾಕ್ಟರ್ ಓಡಾಡಿ ಗಾಲಿಯ ಗುರುತು ಆಳವಾದ ಕಡೆಗಳಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ಉಜ್ಜುತ್ತಿದ್ದುದರಿಂದ, ಕಳೆದ ವರ್ಷ ಉಕ್ಕಿನ ಪ್ಲೇಟ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ನಾಲ್ಕೂ ಲೀಫ್ ಸ್ಪ್ರಿಂಗ್‌ಗಳ ಕಮಾನು ಹೆಚ್ಚಿಸಿ, ಹಿಂದಕ್ಕೆ ತಲಾ ಒಂದು ಪ್ಲೇಟ್ ಸೇರಿಸಿ, ಎರಡು ಇಂಚು ಎತ್ತರಿಸಿದೆವು. ಟೈರನ್ನು ಕಂಪನಿಯ 205/70 ಆರ್15ರಿಂದ 215/75 ಆರ್15ಕ್ಕೆ ಬದಲಾಯಿಸಿದ್ದೇನೆ.

ಕೆಲಸ ಮಾಡಿದ ಅಂಗಡಿಯವರು, ಗಾಡಿ ಎತ್ತರವಾದ ಮೇಲೆ ಶಾಕ್ ಕೂಡ ಉದ್ದವಾಗಲೇಬೇಕೆಂದು ಹೇಳಿ, ತಮ್ಮಲ್ಲಿದ್ದ ಅತಿ ಉದ್ದದ ಜೋಡಿಯನ್ನೇ ಹಿಂದಕ್ಕೆ ಹಾಕಿಕೊಟ್ಟರು. ಆ ದಿನದಿಂದ ಐದಾರು ಮೂಟೆ ಕಾಫಿ ಹೇರಿಕೊಂಡು ಹಳ್ಳ ಇಳಿದಾಗಲೆಲ್ಲ ಹಿಂದಿನಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬರತೊಡಗಿತು. ಎರಡೇ ತಿಂಗಳಲ್ಲಿ ಎಡಗಡೆಯ ಶಾಕ್‌ನ ಕೆಳಬಳೆಯ (ಬೋಲ್ಟ್ ತೂರುವ ಕೆಳತುದಿಯ ಉಂಗುರದ) ಬೆಸುಗೆ ಬಿಟ್ಟು ಎಣ್ಣೆ ಸೋರಿತು. ಬಲಗಡೆ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ಅಂಟಿದ ಬ್ರ್ಯಾಕೆಟ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತಿದೆ. ಖಾಲಿ ಗಾಡಿಯಾದರೆ ಸಣ್ಣ ಕಲ್ಲಿಗೂ ಚೆಂಡಿನಂತೆ ಪುಟಿಯುತ್ತದೆ. ಮತ್ತೆ ಅದೇ ಅಂಗಡಿಗೆ ಹೋದಾಗ, ಇನ್ನೂ ದಪ್ಪನೆಯದನ್ನು, ಗ್ಯಾಸ್ ತುಂಬಿದ್ದನ್ನು ತೆಗೆದುಕೊಳ್ಳಿ ಎಂದರು. ಈ ಸಲ ತಿಳಿದುಕೊಂಡೇ ಹಣ ಹಾಕೋಣವೆಂದು ಇಲ್ಲಿ ಕೇಳುತ್ತಿದ್ದೇನೆ. ಉದ್ದ ಎಷ್ಟಿರಬೇಕು, ಎಣ್ಣೆಯದೋ ಗ್ಯಾಸಿನದೋ, ಬಿಗಿ-ಸಡಿಲ ಹೊಂದಿಸಿಕೊಳ್ಳುವಂಥದ್ದು ಬೇಕೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಹಳೇ ಗ್ಯಾರೇಜು, ಹಾಸನ:

ಸರ್, ನಿಮ್ಮ ಶಾಕ್ ಗಟ್ಟಿಮುಟ್ಟಾಗಿಲ್ಲದೆ ಮುರಿದಿದ್ದಲ್ಲ. ಅಗತ್ಯಕ್ಕಿಂತ ಉದ್ದವಾದ್ದರಿಂದ ಮುರಿದಿದೆ. ಎತ್ತರಿಸಿದ ಗಾಡಿಗಳಲ್ಲಿ ನಾನು ಅತಿ ಹೆಚ್ಚು ನೋಡಿರುವ ತಪ್ಪು ಇದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸ್ಪ್ರಿಂಗ್ ಎತ್ತರಿಸಿದಾಗ ಬದಲಾಗುವುದು ಗಾಡಿ ಸುಮ್ಮನೆ ನಿಂತಾಗಿನ ಎತ್ತರ ಮಾತ್ರ. ಗಾಲಿ ಮೇಲಕ್ಕೆ ಬಂದು ಹೌಸಿಂಗ್ (ಎರಡು ಗಾಲಿಗಳ ನಡುವಿನ ಅಡ್ಡ ಆಕ್ಸಲ್‌ನ ಕವಚ) ತಾಗಿ ನಿಲ್ಲುವ ಬಂಪ್ ಸ್ಟಾಪ್ ರಬ್ಬರ್ ಚಾಸಿಯಲ್ಲಿ ಮೊದಲು ಎಲ್ಲಿತ್ತೋ ಈಗಲೂ ಅಲ್ಲೇ ಇದೆ. ಅಂದರೆ ಶಾಕ್ ಪೂರ್ತಿ ಮಡಚಿಕೊಂಡಾಗ ಅದಕ್ಕೆ ಸಿಗುವ ಜಾಗ ಕಂಪನಿಯಿಂದ ಬಂದಾಗ ಇದ್ದಷ್ಟೇ. ಒಂದು ಮಿಲಿಮೀಟರ್ ಕೂಡ ಹೆಚ್ಚಿಲ್ಲ. ಇತ್ತ ಗಾಲಿ ಕೆಳಕ್ಕೆ ಜೋತುಬಿದ್ದಾಗ ಬೇಕಾಗುವ ಉದ್ದ ಮಾತ್ರ ಹೆಚ್ಚಾಗಿದೆ. ಉದ್ದನೆಯ ಶಾಕ್ ಹಾಕಿದರೆ ಜೋತುಬೀಳುವಾಗ ಅನುಕೂಲ ನಿಜ, ಆದರೆ ಅಂಥದ್ದು ಮಡಚಿದಾಗಲೂ ಉದ್ದವಾಗಿಯೇ ಇರುತ್ತದೆ. ಹೌಸಿಂಗ್ ಬಂಪ್ ಸ್ಟಾಪಿಗೆ ತಾಗುವುದಕ್ಕೆ ಮುಂಚೆಯೇ ಶಾಕ್‌ನೊಳಗಿನ ಪಿಸ್ಟನ್ ತಳ ಮುಟ್ಟಿಬಿಡುತ್ತದೆ, ಮೂಟೆಗಳ ಸಮೇತ ಗಾಡಿಯ ಇಡೀ ಭಾರ ಆ ಸಣ್ಣ ಬಳೆ, ಆ ಬ್ರ್ಯಾಕೆಟ್‌ಗಳ ಮೇಲೆ ಬೀಳುತ್ತದೆ. ನೀವು ಕೇಳಿದ ಸದ್ದು ಅದೇ. ಭಾರ ಹೊರುವುದು ಸ್ಪ್ರಿಂಗ್‌ನ ಕೆಲಸ, ಕೊನೆಗೆ ತಡೆಯುವುದು ರಬ್ಬರ್‌ನ ಕೆಲಸ. ಶಾಕ್ ಇರುವುದು ಸ್ಪ್ರಿಂಗ್‌ನ ಕುಣಿತವನ್ನು ಹದಕ್ಕೆ ತರಲು ಮಾತ್ರ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಟೇಪ್ ಹಿಡಿದು ಗಾಡಿಯ ಕೆಳಗೆ ಮಲಗಿ. "ಎರಡು ಇಂಚು ಲಿಫ್ಟ್‌ಗೆ" ಎಂದು ಡಬ್ಬದ ಮೇಲೆ ಬರೆದಿರುವುದನ್ನು ನಂಬಬೇಡಿ, ಏಕೆಂದರೆ ಒಬ್ಬರು ಕಮಾನು ಹೆಚ್ಚಿಸಿರುತ್ತಾರೆ, ಇನ್ನೊಬ್ಬರು ಶ್ಯಾಕಲ್ (ಸ್ಪ್ರಿಂಗ್‌ನ ತುದಿಯನ್ನು ಚಾಸಿಗೆ ಜೋಡಿಸುವ ತೂಗುಪಟ್ಟಿ) ಉದ್ದ ಮಾಡಿರುತ್ತಾರೆ, ಮತ್ತೊಬ್ಬರು ಹೌಸಿಂಗ್‌ನ ಕೆಳಗಿದ್ದ ಸ್ಪ್ರಿಂಗನ್ನು ಮೇಲಕ್ಕೆ ಕೂರಿಸಿರುತ್ತಾರೆ, ಒಂದೊಂದಕ್ಕೂ ಲೆಕ್ಕ ಬೇರೆ. ಮೊದಲಿಗೆ ಗಾಡಿ ಸಮತಟ್ಟು ನೆಲದಲ್ಲಿ ತನ್ನ ಕಾಲ ಮೇಲೆ ನಿಂತಿರುವಾಗಲೇ, ಶಾಕ್‌ನ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿನವರೆಗಿನ ಅಂತರ ಬರೆದುಕೊಳ್ಳಿ. ಆಮೇಲೆ ಹಿಂದಿನ ಎರಡೂ ಶಾಕ್ ಬಿಚ್ಚಿ, ಚಾಸಿಗೆ ಜ್ಯಾಕ್ ಕೊಟ್ಟು ಹಿಂದಿನ ಗಾಲಿಗಳು ನೆಲಬಿಡುವಷ್ಟು ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ, ಹೌಸಿಂಗ್ ಜೋತುಬಿದ್ದಾಗಿನ ಅಂತರ ಅಳೆಯಿರಿ. ಮುಂದಿನ ಗಾಲಿಗಳಿಗೆ ಕಲ್ಲು ಕೊಡುವುದನ್ನು ಮರೆಯಬೇಡಿ. ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ಹೋಗಲೇಬೇಡಿ.

ಮೂರನೆಯ ಅಳತೆಯೇ ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ಬಿಡುವುದೂ ಅದನ್ನೇ. ಜಿಪ್ಸಿ ಹಗುರ ಗಾಡಿಯಾದ್ದರಿಂದ ಖಾಲಿ ಇರುವಾಗ ಗಾಲಿಗೆ ಜ್ಯಾಕ್ ಕೊಟ್ಟರೆ ಸ್ಪ್ರಿಂಗ್ ಮಡಚುವ ಬದಲು ಗಾಡಿಯೇ ಮೇಲೇಳುತ್ತದೆ. ಹಾಗಾಗಿ ಗಾಡಿಯನ್ನು ಕೆಳಗಿಳಿಸಿ, ಹಿಂದೆ ನೀವು ನಿತ್ಯ ಹೇರುವಷ್ಟು ಮೂಟೆ ಹೇರಿ, ಒಂದೇ ಪಕ್ಕದ ಗಾಲಿಯ ಸಮೀಪ ಹೌಸಿಂಗ್‌ಗೆ ಜ್ಯಾಕ್ ಕೊಟ್ಟು, ಬಂಪ್ ಸ್ಟಾಪ್ ರಬ್ಬರ್‌ಗೆ ತಾಗುವ ತನಕ ಎತ್ತಿ ಅಳೆಯಿರಿ. ಜೋರಾಗಿ ಬಿದ್ದಾಗ ರಬ್ಬರ್ ಇನ್ನಷ್ಟು ಅದುಮಿಕೊಳ್ಳುತ್ತದೆ. ಅದಕ್ಕೆಂದು 15 ಮಿಲಿಮೀಟರ್ ಕಳೆಯಿರಿ. ಹೊಸ ಶಾಕ್ ಪೂರ್ತಿ ಮಡಚಿದಾಗ ಆ ಅಂತರಕ್ಕಿಂತ ಗಿಡ್ಡವಿರಲೇಬೇಕು. ಇದರಲ್ಲಿ ರಾಜಿ ಇಲ್ಲ. ಈ ಅಳತೆಗಳನ್ನು ಇಲ್ಲಿ ಹಾಕಿ, ಮುಂದಿನ ಮಾತು ಆಡೋಣ. ಬಿರುಕು ಬಿಟ್ಟ ಬ್ರ್ಯಾಕೆಟ್ ಸರಿಪಡಿಸುವವರೆಗೆ ದಯವಿಟ್ಟು ಭಾರ ಹೇರಿ ಓಡಿಸಬೇಡಿ.

ಕೊಡಚಾದ್ರಿ ಜೀಪು:

ಹಾಸನದ ಯಜಮಾನರು ಉದ್ದದ ವಿಷಯ ಸರಿಯಾಗಿ ಹೇಳಿದ್ದಾರೆ. ನಾನು ಬಿಗಿಯ ವಿಷಯ ಹೇಳುತ್ತೇನೆ. ಕೊಲ್ಲೂರಿನಿಂದ ಕೊಡಚಾದ್ರಿಗೆ ಎಂಟು ಹಂಗಾಮು ಜೀಪು ಓಡಿಸಿದ್ದೇನೆ. ಬೆಟ್ಟದ ಕೊನೆಯ ಏರಿನಲ್ಲಿ ಗಾಡಿಯ ವೇಗ ಮನುಷ್ಯ ನಡೆಯುವುದಕ್ಕಿಂತ ಹೆಚ್ಚೇನಿರುವುದಿಲ್ಲ, ಆದರೆ ಒಂದೊಂದು ಗಾಲಿಯೂ ಒಂದೊಂದು ಹೊಂಡದಲ್ಲಿರುತ್ತದೆ. ಅಂಥ ದಾರಿಗೆ ಬಿಗಿ ಶಾಕ್ ಒಳ್ಳೆಯದು ಎನ್ನುವವರು ಒಂದು ಸಲ ಹಿಂದಿನ ಸೀಟಿನಲ್ಲಿ ಕುಳಿತು ನೋಡಬೇಕು. ಗಾಲಿ ಕಲ್ಲಿನ ಮೇಲೆ ಹತ್ತುವಾಗ ಶಾಕ್ ಬಿಟ್ಟುಕೊಡದಿದ್ದರೆ ಇಡೀ ಗಾಡಿಯೇ ಆ ಕಡೆಯಿಂದ ಈ ಕಡೆಗೆ ವಾಲಿ, ಕುಳಿತವರ ತಲೆ ಕಂಬಿಗೆ ಬಡಿಯುತ್ತದೆ. ಬಿಗಿ ಶಾಕ್ ಇರುವ ಗಾಲಿ ಹೊಂಡದೊಳಕ್ಕೆ ಬೇಗ ಇಳಿಯುವುದೂ ಇಲ್ಲ, ನೆಲ ಸಿಗದೆ ಗಾಳಿಯಲ್ಲೇ ತಿರುಗುತ್ತದೆ.

ಶಾಕ್‌ಗೆ ಎರಡು ದಿಕ್ಕಿನ ಕೆಲಸವಿದೆ. ಮಡಚುವಾಗ ಒಂದು ಬಿಗಿ, ಬಿಚ್ಚಿಕೊಳ್ಳುವಾಗ ಇನ್ನೊಂದು ಬಿಗಿ. ಲೀಫ್ ಸ್ಪ್ರಿಂಗ್‌ನಲ್ಲಿ ಪ್ಲೇಟ್‌ಗಳು ಒಂದಕ್ಕೊಂದು ಉಜ್ಜುವುದರಿಂದ ಅದೇ ಸ್ವಲ್ಪ ಮಟ್ಟಿಗೆ ಶಾಕ್‌ನ ಕೆಲಸ ಮಾಡುತ್ತದೆ, ಕಾಯಿಲ್ ಸ್ಪ್ರಿಂಗ್‌ನಲ್ಲಿ ಈ ಅನುಕೂಲ ಇಲ್ಲ. ಹಾಗಾಗಿ ಮಡಚುವ ದಿಕ್ಕಿನಲ್ಲಿ ಜಿಪ್ಸಿಗೆ ಹೆಚ್ಚಿನ ಬಿಗಿ ಬೇಡ. ಆದರೆ ನೀವು ಹಿಂದೆ ಒಂದು ಪ್ಲೇಟ್ ಸೇರಿಸಿದ್ದೀರಿ. ಗಟ್ಟಿಯಾದ ಸ್ಪ್ರಿಂಗ್ ಅದುಮಿಸಿಕೊಂಡ ಮೇಲೆ ಅಷ್ಟೇ ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ಆ ಎಸೆತವನ್ನು ಹಿಡಿಯಲು ಬಿಚ್ಚಿಕೊಳ್ಳುವ ದಿಕ್ಕಿನಲ್ಲಿ ಕಂಪನಿಯ ಶಾಕ್‌ಗಿಂತ ತುಸು ಹೆಚ್ಚು ಬಿಗಿ ಬೇಕು. ಖಾಲಿ ಗಾಡಿ ಚೆಂಡಿನಂತೆ ಪುಟಿಯುತ್ತಿದೆ ಎಂದಿರಲ್ಲ, ಅದರಲ್ಲಿ ಅರ್ಧ ಪಾಲು ಹೆಚ್ಚುವರಿ ಪ್ಲೇಟ್‌ನದು. ಅದನ್ನು ಶಾಕ್ ಬದಲಿಸಿ ಪೂರ್ತಿ ಹೋಗಲಾಡಿಸಲು ಆಗುವುದಿಲ್ಲ. ಬೇಸಿಗೆಯಲ್ಲಿ ಭಾರ ಹೇರದಿದ್ದರೆ ಆ ಪ್ಲೇಟ್ ತೆಗೆಸುವ ಯೋಚನೆಯನ್ನೂ ಇಟ್ಟುಕೊಳ್ಳಿ.

ಎಣ್ಣೆಯದೋ ಗ್ಯಾಸಿನದೋ ಎಂಬುದಕ್ಕೆ ಬರುತ್ತೇನೆ. ಎಲ್ಲ ಶಾಕ್‌ನಲ್ಲೂ ಕೆಲಸ ಮಾಡುವುದು ಎಣ್ಣೆಯೇ. ಗ್ಯಾಸ್ ಇರುವುದು ಎಣ್ಣೆ ನೊರೆಯಾಗದಂತೆ ಒತ್ತಿಹಿಡಿಯಲು. ನಿಜವಾಗಿ ಆಯ್ಕೆ ಮಾಡಬೇಕಾದದ್ದು ಒಂಟಿ ಕೊಳವೆಯೋ ಜೋಡಿ ಕೊಳವೆಯೋ ಎಂಬುದನ್ನು. ಒಂಟಿ ಕೊಳವೆಯಲ್ಲಿ ಪಿಸ್ಟನ್ ಹೊರಗಿನ ಕೊಳವೆಯ ಒಳಮೈಯನ್ನೇ ಸವರಿಕೊಂಡು ಓಡುತ್ತದೆ. ಬಿಸಿ ನೇರವಾಗಿ ಗಾಳಿಗೆ ಬಿಟ್ಟುಹೋಗುವುದರಿಂದ ಗಂಟೆಗಟ್ಟಲೆ ವೇಗವಾಗಿ ಅದುರುವ ದಾರಿಗೆ ಅದು ಬಹಳ ಚೆನ್ನಾಗಿದೆ. ಆದರೆ ಚೂಪಾದ ಕಲ್ಲು ಸಿಡಿದು ಕೊಳವೆ ಒಳಕ್ಕೆ ತಗ್ಗಾದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಜೋಡಿ ಕೊಳವೆಯಲ್ಲಿ ಹೊರಗಿನದು ಬರೀ ಎಣ್ಣೆಯ ಡಬ್ಬಿ, ಪಿಸ್ಟನ್ ಓಡುವುದು ಒಳಗಿನ ಕೊಳವೆಯಲ್ಲಿ, ಆದ್ದರಿಂದ ಹೊರಗೆ ತಗ್ಗಾದರೂ ಮನೆ ಮುಟ್ಟಿಸುತ್ತದೆ. ನನ್ನ ಜೀಪಿನ ಹಿಂದಿನ ಎಡ ಶಾಕ್‌ಗೆ ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದು ಒಂದಿಡೀ ಮಳೆಗಾಲ ಹಾಗೆಯೇ ನಡೆದಿದೆ. ಗಂಟೆಗೆ ಹತ್ತು-ಹದಿನೈದು ಕಿಲೋಮೀಟರಿನ ತೋಟದ ದಾರಿಯಲ್ಲಿ ಶಾಕ್ ಬಿಸಿಯೇರುವ ಪ್ರಶ್ನೆಯೇ ಇಲ್ಲವಾದ್ದರಿಂದ, ನಿಮಗೆ ಕಡಿಮೆ ಒತ್ತಡದ ಗ್ಯಾಸ್ ಇರುವ ಜೋಡಿ ಕೊಳವೆಯದೇ ಸಾಕು. ಪಕ್ಕದಲ್ಲಿ ಬೇರೆ ಡಬ್ಬಿ ತೂಗುವ ದುಬಾರಿ ಶಾಕ್‌ಗೆ ಕೊಡುವ ಹಣದಲ್ಲಿ ನಾಲ್ಕು ಒಳ್ಳೆಯ ಟೈರ್ ಬರುತ್ತವೆ.

ಥಾರ್ 2020, ಬೆಂಗಳೂರು:

ಇದೇ ಲೆಕ್ಕ ನನ್ನ ಹೊಸ ಥಾರ್‌ಗೂ ಆಗುತ್ತದೆಯೇ ಎಂದು ಕೇಳಬಹುದೇ? ಒಂದೂವರೆ ಇಂಚು ಎತ್ತರಿಸಿ, ಮುಂದಿನ ವರ್ಷ ಲಡಾಖ್‌ಗೆ ಹೋಗಿಬರುವ ಆಸೆ ಇದೆ.

ಹಳೇ ಗ್ಯಾರೇಜು, ಹಾಸನ:

ಹಿಂದಿನ ಅರ್ಧಕ್ಕೆ ಬಹುಮಟ್ಟಿಗೆ ಆಗುತ್ತದೆ, ಮುಂದಿನ ಅರ್ಧಕ್ಕೆ ಆಗುವುದಿಲ್ಲ ಸರ್. 2020ರ ನಂತರದ ಥಾರ್‌ನಲ್ಲಿ ಹಿಂದೆ ಅಡ್ಡ ಹೌಸಿಂಗ್ ಮತ್ತು ಕಾಯಿಲ್ ಸ್ಪ್ರಿಂಗ್, ಮುಂದೆ ಎರಡೂ ಗಾಲಿಗೆ ಬೇರೆ ಬೇರೆ ತೋಳುಗಳು, ಶಾಕ್ ಮತ್ತು ಸ್ಪ್ರಿಂಗ್ ಒಂದರೊಳಗೊಂದು. ಅಲ್ಲಿ ಶಾಕ್‌ನ ಕೆಳತುದಿ ತೋಳಿನ ನಡುಭಾಗದಲ್ಲಿ ಕುಳಿತಿರುವುದರಿಂದ, ಸ್ಪ್ರಿಂಗ್ ಮೇಲೆ ಒಂದು ಇಂಚಿನ ಬಿಲ್ಲೆ ಇಟ್ಟರೆ ಗಾಡಿ ಏರುವುದು ಒಂದು ಇಂಚಿಗಿಂತ ಹೆಚ್ಚು. ಎತ್ತರ ಜಾಸ್ತಿಯಾದರೆ ಶಾಕ್‌ಗಿಂತ ಮೊದಲು ತೋಳಿನ ಬಾಲ್ ಜಾಯಿಂಟ್‌ಗಳೂ ಆಕ್ಸಲ್ ಶಾಫ್ಟ್‌ಗಳೂ ಓರೆಯಾಗಿ ಸವೆಯುತ್ತವೆ. ಲಡಾಖ್‌ನಂಥ, ಅಲೆ ಅಲೆಯಾದ ಜಲ್ಲಿ ದಾರಿಯ ದೂರ ಪ್ರಯಾಣಕ್ಕೆ ಕೊಡಚಾದ್ರಿಯವರು ಹೇಳಿದ ಒಂಟಿ ಕೊಳವೆಯದೇ ಸೂಕ್ತ. ನಿಮ್ಮದಕ್ಕೆ ಬೇರೆಯೇ ಪ್ರಶ್ನೆ ಹಾಕಿ, ಇಲ್ಲಿ ಜಿಪ್ಸಿಯ ಮಾತು ಮುಗಿಯಲಿ.

ಗಾಲಿ ಅಲೈನ್‌ಮೆಂಟ್, ಶಿವಮೊಗ್ಗ:

ಪ್ರಶ್ನೆ ಕೇಳಿದವರಿಗೆ ಎರಡು ಎಚ್ಚರಿಕೆಯ ಮಾತು. ಹೊಸ ಉದ್ದನೆಯ ಶಾಕ್ ಹಾಕಿದ ಮೇಲೆ ಗಾಲಿ ಹಿಂದೆಂದಿಗಿಂತ ಕೆಳಗೆ ಇಳಿಯುತ್ತದೆ, ಬ್ರೇಕ್‌ನ ರಬ್ಬರ್ ಹೋಸ್ ಮಾತ್ರ ಹಳೆಯ ಉದ್ದದ್ದೇ ಇರುತ್ತದೆ. ಗಾಲಿ ಜೋತುಬಿಟ್ಟು, ಮುಂದಿನ ಗಾಲಿಗಳಾದರೆ ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಹೋಸ್ ಬಿಗಿಯಾಗುತ್ತದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಬಿಗಿಯಾದರೆ ಉದ್ದನೆಯ ಹೋಸ್ ಹಾಕಿಸಿದ ಮೇಲೆಯೇ ಶಾಕ್ ಹಾಕಿಸಿ. ಇಳಿಜಾರಿನಲ್ಲಿ ಹೋಸ್ ಕಿತ್ತುಬಂದರೆ ಏನಾಗುತ್ತದೆಂದು ವಿವರಿಸುವ ಅಗತ್ಯವಿಲ್ಲ.

ಇನ್ನೊಂದು, ಎತ್ತರಿಸಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುತ್ತಿಲ್ಲ, ಗಾಡಿ ರಸ್ತೆಯಲ್ಲಿ ಅತ್ತಿತ್ತ ಸರಿಯುತ್ತದೆ ಎಂದಾದರೆ ಅದಕ್ಕೆ ಶಾಕ್ ಕಾರಣವಲ್ಲ. ಜಿಪ್ಸಿಯ ಮುಂದಿನ ಸ್ಪ್ರಿಂಗ್‌ನಲ್ಲಿ ಶ್ಯಾಕಲ್ ಇರುವುದು ಮುಂಭಾಗದಲ್ಲಿ. ಯಾರಾದರೂ ಅದನ್ನು ಉದ್ದ ಮಾಡಿದರೆ ಹೌಸಿಂಗ್ ಮುಂದಕ್ಕೆ ತಿರುಚಿಕೊಂಡು ಕ್ಯಾಸ್ಟರ್ ಕೋನ (ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರಲು ಬೇಕಾದ, ಗಾಲಿ ತಿರುಗುವ ಅಕ್ಷದ ಹಿಂದಕ್ಕಿನ ವಾಲು) ಕಡಿಮೆಯಾಗುತ್ತದೆ. ಸ್ಪ್ರಿಂಗ್ ಮತ್ತು ಹೌಸಿಂಗ್ ನಡುವೆ ಬೆಣೆಯಾಕಾರದ ತಗಡು ಕೊಟ್ಟು ಅದನ್ನು ಸರಿಪಡಿಸಬೇಕು. ಇದಕ್ಕಾಗಿ ಜನ ಮೂರು ಮೂರು ಜೊತೆ ಶಾಕ್ ಬದಲಿಸಿ ಹಣ ಕಳೆದುಕೊಂಡಿದ್ದನ್ನು ನೋಡಿದ್ದೇನೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಗ್ಗೆಯೂ ಗಮನವಿರಲಿ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಎತ್ತರಿಸಿದ್ದನ್ನು ತೋಟದೊಳಗೆ ಯಾರೂ ಕೇಳಲಾರರು, ಆದರೆ ಡಾಂಬರು ರಸ್ತೆಗೆ ಬಂದ ಮೇಲೆ ವಿಮೆಯ ಪ್ರಶ್ನೆ ಏಳಬಹುದು. ಆರ್‌ಟಿಒ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ಮೊದಲೇ ವಿಚಾರಿಸಿ.

ತೋಟದ ದಾರಿ, ಮೂಡಿಗೆರೆ:

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ನಮ್ಮ ತೋಟದ ಹುಡುಗನನ್ನು ಜೊತೆಗಿಟ್ಟುಕೊಂಡು ಹಾಸನದ ಸರ್ ಹೇಳಿದಂತೆಯೇ ಅಳೆದೆ. ಹಿಂದಿನ ಶಾಕ್‌ನ ಬೋಲ್ಟ್‌ನಿಂದ ಬೋಲ್ಟ್‌ಗೆ, ಗಾಡಿ ಸುಮ್ಮನೆ ನಿಂತಾಗ 350 ಮಿಲಿಮೀಟರ್, ಜೋತುಬಿದ್ದಾಗ 428, ಆರು ಮೂಟೆ ಹೇರಿ ಜ್ಯಾಕ್ ಕೊಟ್ಟು ಬಂಪ್ ಸ್ಟಾಪಿಗೆ ತಾಗಿಸಿದಾಗ 262. ಅಂಗಡಿಯವರು ಹಾಕಿದ್ದ, ಬಿಚ್ಚಿಟ್ಟ ಶಾಕನ್ನು ನೆಲಕ್ಕೆ ಊರಿ ಪೂರ್ತಿ ಒತ್ತಿ ಅಳೆದರೆ 298 ಬಂತು! ಅಂದರೆ ರಬ್ಬರ್ ಮುಟ್ಟುವುದಕ್ಕೆ ಇನ್ನೂ 36 ಮಿಲಿಮೀಟರ್ ಇರುವಾಗಲೇ ಅದು ತಳ ಬಡಿಯುತ್ತಿತ್ತು. ಬಂಪ್ ಸ್ಟಾಪ್ ರಬ್ಬರ್ ನೋಡಿದರೆ ಒಂದು ಗುರುತೂ ಇಲ್ಲ, ಮೇಲೆ ವರ್ಷದ ಕೆಸರು ಹಾಗೆಯೇ ಒಣಗಿ ಕುಳಿತಿದೆ. ಅದನ್ನು ನೋಡಿದಾಗ ನಿಜಕ್ಕೂ ಬೇಸರವಾಯಿತು. ಇಷ್ಟು ದಿನ ಪ್ರತಿ ಹಳ್ಳದಲ್ಲೂ ಭಾರವೆಲ್ಲ ಆ ಬಳೆಯ ಮೇಲೆ ಬಿದ್ದಿದೆ.

ಬ್ರ್ಯಾಕೆಟ್‌ಗೆ ಬೆಸುಗೆ ಹಾಕಿಸಿ ಹಿಂದಿನಿಂದ ಪಟ್ಟಿ ಕೊಡಿಸಿದ್ದೇನೆ. ಈಗ ನನ್ನ ಗೊಂದಲವೆಂದರೆ, ರಬ್ಬರ್ ಅದುಮುವುದಕ್ಕೆ 15 ಕಳೆದರೆ ಮಡಚಿದಾಗ 247ಕ್ಕಿಂತ ಗಿಡ್ಡ, ಬಿಚ್ಚಿದಾಗ 428ಕ್ಕಿಂತ ಉದ್ದ ಇರುವ ಶಾಕ್ ಬೇಕು. ಹಾಗೆ ಒಂದೂ ಸಿಗುತ್ತಿಲ್ಲ.

ಹಳೇ ಗ್ಯಾರೇಜು, ಹಾಸನ:

ಚೆನ್ನಾಗಿ ಅಳೆದಿದ್ದೀರಿ. ಸಿಗುವುದಿಲ್ಲ, ಸಿಗಲು ಸಾಧ್ಯವೂ ಇಲ್ಲ. ಶಾಕ್‌ನ ಸರಳು ತನ್ನ ಕೊಳವೆಯೊಳಕ್ಕೇ ಹೋಗಬೇಕಲ್ಲವೇ? ಎರಡು ತುದಿಯ ಬಳೆ, ಸೀಲು, ಪಿಸ್ಟನ್, ತಳದ ಕವಾಟ ಇವೆಲ್ಲ ಮಡಚದ ಭಾಗ. ಅದಕ್ಕೇ ಹತ್ತು ಸೆಂಟಿಮೀಟರಿನಷ್ಟು ಹೋಗುತ್ತದೆ. 247ರ ಶಾಕ್‌ನಲ್ಲಿ ಓಟಕ್ಕೆ ಉಳಿಯುವುದು 140ರ ಆಸುಪಾಸು. ಅದು ಬಿಚ್ಚಿಕೊಂಡರೆ 390ನ್ನೂ ದಾಟುವುದಿಲ್ಲ. ಅದನ್ನೇ ಹಾಕಿದರೆ ಜೋತುಬಿದ್ದ ಹೌಸಿಂಗ್‌ನ ಭಾರವೆಲ್ಲ ಶಾಕ್‌ನ ಮೇಲೆ ತೂಗಿ ಸೀಲು ಕಿತ್ತುಬರುತ್ತದೆ.

ದಾರಿ ಒಂದೇ, ಬಂಪ್ ಸ್ಟಾಪನ್ನು ಕೆಳಗಿಳಿಸಬೇಕು. ರಬ್ಬರ್ ಬಿಚ್ಚಿ, ಅದರ ಮತ್ತು ಚಾಸಿಯ ನಡುವೆ 30 ಮಿಲಿಮೀಟರ್ ದಪ್ಪದ ಕಬ್ಬಿಣದ ಬ್ಲಾಕ್ ಕೊಟ್ಟು ಉದ್ದನೆಯ ಬೋಲ್ಟ್ ಹಾಕಿಸಿ. ಹಿಂದಿನ ಶಾಕ್ ಓರೆಯಾಗಿ ನಿಂತಿರುವುದರಿಂದ ಬ್ಲಾಕ್‌ನ 30 ಪೂರ್ತಿಯಾಗಿ ಶಾಕ್‌ನ ಉದ್ದಕ್ಕೆ ಬರುವುದಿಲ್ಲ. ಸುಮಾರು 26 ಬರುತ್ತದೆಂದು ಹಿಡಿಯಿರಿ, ಆದರೆ ಬ್ಲಾಕ್ ಹಾಕಿದ ಮೇಲೆ ಮತ್ತೊಮ್ಮೆ ಜ್ಯಾಕ್ ಕೊಟ್ಟು ಅಳೆದೇ ಖಚಿತಪಡಿಸಿಕೊಳ್ಳಿ. ಆಗ ತಾಗುವ ಅಳತೆ 288, ರಬ್ಬರ್ ಅದುಮುವುದನ್ನು ಕಳೆದರೆ 273. ಮಡಚಿದಾಗ 270, ಬಿಚ್ಚಿದಾಗ 435ರ ಹತ್ತಿರ ಇರುವ ಶಾಕ್ ನಿಮಗೆ ಬೇಕಾದದ್ದು, ಅಂಥ ಅಳತೆಯದು ಮಾರುಕಟ್ಟೆಯಲ್ಲಿ ಹುಡುಕಿದರೆ ಸಿಗುತ್ತದೆ. ಬಿಚ್ಚಿದಾಗಿನ ಉದ್ದ ಹತ್ತು ಮಿಲಿಮೀಟರ್ ಕಡಿಮೆ ಸಿಕ್ಕಿದರೂ ತೊಂದರೆಯಿಲ್ಲ, ಹೌಸಿಂಗ್‌ಗೆ ಎರಡೂ ಕಡೆ ನೈಲಾನ್ ಪಟ್ಟಿ ಕಟ್ಟಿಸಿ ಅದು ಶಾಕ್‌ಗಿಂತ ಮೊದಲು ಬಿಗಿಯಾಗುವಂತೆ ಮಾಡಿದರಾಯಿತು. ಮಡಚಿದಾಗಿನ ಅಳತೆ ಮಾತ್ರ ಮೀರಬಾರದು.

ಬ್ಲಾಕ್ ಕೊಟ್ಟರೆ ಗಾಲಿಯ ಓಟ ಕಡಿಮೆಯಾಗುತ್ತದೆಂದು ಚಿಂತೆ ಬೇಡ. ಎತ್ತರಿಸಿದ್ದರಿಂದ ಮೇಲ್ಮುಖವಾಗಿ ಸಿಕ್ಕಿದ್ದ ಹೊಸ ಜಾಗದಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಹಿಂದಕ್ಕೆ ಕೊಟ್ಟಂತಾಯಿತು ಅಷ್ಟೇ. ಕಂಪನಿಯಿಂದ ಬಂದಾಗ ಇದ್ದುದಕ್ಕಿಂತ ಈಗಲೂ ಹೆಚ್ಚೇ ಇದೆ. ದೊಡ್ಡ ಟೈರ್ ಗಾಲಿಯ ಕಮಾನಿಗೆ ಉಜ್ಜುವುದೂ ಇದರಿಂದ ತಪ್ಪುತ್ತದೆ. ಹೇಳಬೇಕೆಂದರೆ ನಿಮ್ಮ ಡಿಫರೆನ್ಷಿಯಲ್‌ನ (ಹೌಸಿಂಗ್‌ನಲ್ಲಿ ಗಿಯರ್‌ಗಳಿರುವ ಉಬ್ಬಿನ) ಕೆಳಗಿನ ಅಂತರವನ್ನು ಹೆಚ್ಚಿಸಿದ್ದು ಎರಡು ಇಂಚಿನ ಲಿಫ್ಟ್ ಅಲ್ಲ, ಆ ಟೈರ್. ವ್ಯಾಸದಲ್ಲಿ 35 ಮಿಲಿಮೀಟರ್ ದೊಡ್ಡದಾದ್ದರಿಂದ ನೆಲದಿಂದ 17-18 ಮಿಲಿಮೀಟರ್ ಮೇಲೆ ಬಂದಿದೆ. ಕೊರಕಲಿನಲ್ಲಿ ಇನ್ನೂ ಉಜ್ಜುತ್ತಿದ್ದರೆ ಮತ್ತೆ ಸ್ಪ್ರಿಂಗ್ ಎತ್ತರಿಸಲು ಹೋಗಬೇಡಿ.

ಹೊರಗಿನಿಂದ ಬಿಗಿ ಹೊಂದಿಸುವ ಗುಂಡಿ ಇರುವ ಶಾಕ್ ನಿಮ್ಮ ಕೆಲಸಕ್ಕೆ ಬೇಡ. ಕೆಸರು ಕಟ್ಟಿಕೊಂಡರೆ ಆ ಗುಂಡಿ ತಿರುಗುವುದೇ ಇಲ್ಲ. ಕೊಡಚಾದ್ರಿಯವರು ಹೇಳಿದ ಜೋಡಿ ಕೊಳವೆಯದನ್ನೇ ತೆಗೆದುಕೊಳ್ಳಿ. ಹಾಕಿಸಿದ ಮೇಲೆ ಬಂಪ್ ಸ್ಟಾಪ್ ರಬ್ಬರ್ ಒರೆಸಿ ಸೀಮೆಸುಣ್ಣ ಬಳಿದು, ಮೂಟೆ ಹೇರಿ ಒಂದು ಸಲ ಹಳ್ಳ ಇಳಿದು ಬನ್ನಿ. ಸುಣ್ಣ ಅಳಿಸಿ ಹೌಸಿಂಗ್‌ಗೆ ಅಂಟಿದ್ದರೆ, ಕಬ್ಬಿಣದ ಸದ್ದೂ ಬರದಿದ್ದರೆ, ಅಳತೆ ಸರಿಯಾಗಿದೆ.

ಜೋಡಿಸುವವರಿಗೆ ಒಂದು ಮಾತು ನೆನಪಿಸಿ. ಶಾಕ್‌ನ ಬೋಲ್ಟ್‌ಗಳನ್ನು ಗಾಡಿ ಜ್ಯಾಕ್ ಮೇಲಿರುವಾಗ ಕೈಬಿಗಿ ಮಾತ್ರ ಮಾಡಬೇಕು. ಗಾಡಿಯನ್ನು ನೆಲಕ್ಕಿಳಿಸಿ, ಅದು ತನ್ನ ಭಾರದಲ್ಲಿ ಕುಳಿತ ಮೇಲೆ ಸ್ಪ್ಯಾನರ್ ಹಾಕಿ ಪೂರ್ತಿ ಬಿಗಿಯಬೇಕು. ಎತ್ತಿಟ್ಟಾಗಲೇ ಬಿಗಿದರೆ ಬಳೆಯೊಳಗಿನ ಬುಷ್‌ನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು, ಒಂದೇ ಮಳೆಗಾಲಕ್ಕೆ ಹರಿದುಹೋಗುತ್ತದೆ.